ರಾತ್ರಿ ಬೋಟು ಹತ್ತಿ ಟ್ಯೂನಾ ಹಿಡಿಯೋಕೆ ಹೊರಡೋ ಮುಂಚೆ

ಈ ಸಲದ ಮಾತು ಸ್ವಲ್ಪ ಉದ್ದ ಆಯ್ತು. ವಿಡಿಯೋ ಪೂರ್ತಿ ನೋಡೋಕೆ ಆಗದವರಿಗೆ, ಲೋಕಲ್ ಟ್ರೇನಲ್ಲಿ ಒಂದು ಕೈಲಿ ಕಂಬಿ ಹಿಡಿದು ಇನ್ನೊಂದು ಕೈಲಿ ಮೊಬೈಲ್ ಓದುವವರಿಗೆ ಅಂತ ಇಲ್ಲಿ ಬರೆದು ಹಾಕ್ತಿದ್ದೀನಿ. ವಿಡಿಯೋದಲ್ಲಿ ನಕ್ಷೆ ತೋರಿಸಿ ಹೇಳಿದ್ದನ್ನ ಇಲ್ಲಿ ಮಾತಲ್ಲೇ ಹೇಳಬೇಕು, ಹಾಗಾಗಿ ಒಂದೆರಡು ಕಡೆ ನಿಧಾನವಾಗಿ ಓದಿ.

ವಿಷಯ ಶುರುವಾಗಿದ್ದು ಒಂದು ಫೋಟೋದಿಂದ. ಐರೋಲಿಯಲ್ಲಿ ನನ್ನ ಪಕ್ಕದ ಡೆಸ್ಕಲ್ಲಿ ಕೂರ್ತಿದ್ದ ಹುಬ್ಬಳ್ಳಿ ಗೆಳೆಯ ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ. ಆಫೀಸಿನವರ ಜೊತೆ ರಾತ್ರಿ ಬೋಟಲ್ಲಿ ಸಮುದ್ರಕ್ಕೆ ಹೋಗಿ, ತನ್ನ ಎದೆಮಟ್ಟ ಬರುವ ಟ್ಯೂನಾ ಮೀನನ್ನ ತಬ್ಬಿಕೊಂಡು ನಿಂತ ಫೋಟೋ ಕಳಿಸಿದ. ಹುಟ್ಟಿದಾಗಿಂದ ಮೀನಿನ ವಾಸನೆ ಕಂಡರೆ ಮೂಗು ಮುಚ್ಚುತ್ತಿದ್ದವನು! ನಮ್ಮ ಡೊಂಬಿವಲಿ-ಠಾಣೆ ಗ್ರೂಪಲ್ಲಿ ಅವತ್ತಿಡೀ ಅದೇ ಮಾತು. "ನಮ್ಮ ಮನೆ ಮುಂದೇನೇ ಸಮುದ್ರ ಇದೆ, ನಾವು ಯಾಕೆ ಹೋಗಬಾರದು?" ಒಂದೇ ವಾರಕ್ಕೆ ಯಾರೋ ಒಂದು ನಂಬರ್ ಹುಡುಕಿ ತಂದರು. ನವಿ ಮುಂಬೈ ಕಡೆಯ ಒಂದು ಜೆಟ್ಟಿ, ರಾತ್ರಿ ಹೋಗಿ ಬೆಳಗ್ಗೆ ವಾಪಸ್, ತಲೆಗೆ 3,000 ರೂಪಾಯಿ, ಟ್ಯೂನಾ ಗ್ಯಾರಂಟಿ.

ಒಂಬತ್ತು ಜನ ಹೋದೆವು. ನಾನೂ ಹೋದೆ. ಮರುದಿನ ರಾತ್ರಿ ಹತ್ತು ಗಂಟೆಗೆ ಎಂಟು ವರ್ಷದ ಮಗಳನ್ನ ಎತ್ತಿಕೊಂಡು ಡೊಂಬಿವಲಿಯ ಡಾಕ್ಟರ ಬಾಗಿಲಲ್ಲಿ ನಿಂತಿದ್ದೆ. ನಾನು ಗಂಗೊಳ್ಳಿ ಹತ್ತಿರದ ಮೊಗವೀರರ ಮನೆಯವನು. ನಮ್ಮ ದೊಡ್ಡಪ್ಪಯ್ಯ ಹುಡುಗನಾಗಿದ್ದಾಗ ಸಸೂನ್ ಡಾಕಿಗೆ ಬಂದು, ಆಮೇಲೆ ಮಲ್ಪೆಯಲ್ಲಿ ಬೋಟಿನ ತಾಂಡೇಲರಾಗಿ ಇಡೀ ಆಯುಷ್ಯ ಸಮುದ್ರದಲ್ಲೇ ಕಳೆದವರು. ಅಂಥ ಮನೆಯವನಾಗಿ ಈ ತಪ್ಪು ಮಾಡಿದೆ ಅನ್ನೋದು ಜಾಸ್ತಿ ಚುಚ್ಚುತ್ತೆ. ಅದಕ್ಕೇ ಈ ಮಾತು. ಯಾವ ಬೋಟು, ಯಾರು ಅನ್ನೋದು ಹೇಳಲ್ಲ. ಏನನ್ನೂ ಕೇಳದೆ ದುಡ್ಡು ಕೊಟ್ಟು ಹತ್ತಿದ ನಮ್ಮ ಪಾಲೂ ಅದರಲ್ಲಿ ಇದೆ.

ಮೊದಲು, ಟ್ಯೂನಾ ಅಂದ್ರೆ ಯಾವುದು?

ಟ್ಯೂನಾ ಅನ್ನೋದು ಒಂದು ಮೀನಲ್ಲ, ಒಂದು ಬಳಗ. ನಮ್ಮ ಬಂಗುಡೆ, ಅಂಜಲ್ ಕೂಡ ಇದೇ ಕುಟುಂಬದ ದಾಯಾದಿಗಳು. ಕರಾವಳಿಯಲ್ಲಿ ನಾವು ಕೇದರ್ ಅಂತೀವಲ್ಲ, ಕೆಲವು ಕಡೆ ಗೆದರ್ ಅಂತಾರೆ, ಇಲ್ಲಿ ಮರಾಠಿಯಲ್ಲಿ ಕುಪಾ ಅಂತಾರೆ, ಅದು ಟ್ಯೂನಾನೇ. ಊರಲ್ಲಿ ಅಂಜಲ್, ಮಾಂಜಿ ಸಿಗುವ ದಿನ ಕೇದರ್‌ಗೆ ಮರ್ಯಾದೆ ಕಮ್ಮಿ. ಮಾಂಸ ಕೆಂಪು, ರಕ್ತ ಜಾಸ್ತಿ ಅಂತ ದೂರ ಇಡ್ತಾರೆ. ಅದೇ ಮೀನು ಡಬ್ಬದಲ್ಲಿ ಕೂತು ಹೈಪರ್‌ಮಾರ್ಕೆಟ್‌ಗೆ ಬಂದರೆ ದುಡ್ಡು ಕೊಟ್ಟು ತರ್ತೀವಿ.

ಗೆಳೆಯನ ಫೋಟೋದಲ್ಲಿದ್ದದ್ದು ಯೆಲ್ಲೋಫಿನ್, ಹಳದಿ ರೆಕ್ಕೆಯದು. ಪೂರ್ತಿ ಬೆಳೆದರೆ ಎರಡು ಮೀಟರ್ ದಾಟುತ್ತೆ, ತೂಕ 150 ಕಿಲೋ ಮೀರಬಹುದು. ನಮ್ಮ ಕೇದರ್ ಇದರ ಚಿಕ್ಕ ತಮ್ಮ, ಮಾರ್ಕೆಟಲ್ಲಿ ಸಾಮಾನ್ಯವಾಗಿ ಸಿಗೋದು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಇಬ್ಬರ ಸ್ವಭಾವ ಬೇರೆ. ಯೆಲ್ಲೋಫಿನ್‌ಗೆ ತಿಳಿನೀರು, ಆಳ ಸಮುದ್ರ ಬೇಕು. ಕೇದರ್ ದಡದ ಕಡೆಯ ಸಮುದ್ರದಲ್ಲೂ ತಿರುಗಾಡುತ್ತೆ.

ಟ್ಯೂನಾ ಬಗ್ಗೆ ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. ಹೆಚ್ಚಿನ ಮೀನುಗಳ ಮೈ ನೀರಿನಷ್ಟೇ ತಣ್ಣಗಿರುತ್ತೆ. ಟ್ಯೂನಾ ಹಾಗಲ್ಲ. ಉಸಿರಾಡೋಕೇ ಅದು ಹಗಲೂ ರಾತ್ರಿ ಈಜ್ತಾ ಇರಬೇಕು, ಬಾಯಿ ತೆರೆದು ಮುಂದೆ ನುಗ್ಗಿದರೆ ಮಾತ್ರ ಕಿವಿರಿಗೆ ನೀರು ಹೋಗುತ್ತೆ. ಆ ಓಟದ ಬಿಸಿಯನ್ನ ಮೈಯೊಳಗೇ ಹಿಡಿದಿಡುವ ರಕ್ತನಾಳಗಳ ಜಾಲ ಅದಕ್ಕಿದೆ. ಹಾಗಾಗಿ ಅದರ ಮಾಂಸ ಸುತ್ತಲಿನ ನೀರಿಗಿಂತ ಬಿಸಿ. ಗಾಳಕ್ಕೆ ಸಿಕ್ಕಿ ಒದ್ದಾಡಿದಾಗ ಇನ್ನೂ ಬಿಸಿ.

ಅಮೆರಿಕದಲ್ಲಿ ಹೇಗೆ ಮಾಡ್ತಾರೆ?

ಗೆಳೆಯನಿಗೆ ಫೋನ್ ಮಾಡಿ ಪೂರ್ತಿ ಕೇಳಿದೆ. ಅಲ್ಲಿ ಎರಡು ಥರ. ಇಡೀ ಬೋಟು ನಮಗೇ ಅಂತ ಬಾಡಿಗೆಗೆ ತಗೊಂಡರೆ ಚಾರ್ಟರ್. ಬಸ್ಸಿನ ಸೀಟಿನ ಹಾಗೆ ತಲೆಗೆ ಇಷ್ಟು ಅಂತ ಟಿಕೆಟ್ ತಗೊಂಡು ಗೊತ್ತಿಲ್ಲದವರ ಜೊತೆ ಹೋದರೆ ಇನ್ನೊಂದು. ಹತ್ತುವ ಮುಂಚೆ ಲೈಫ್ ಜಾಕೆಟ್ ಎಲ್ಲಿದೆ, ಹೇಗೆ ಹಾಕಬೇಕು ಅಂತ ತೋರಿಸ್ತಾರೆ. ಒಳಗೆ ಮಲಗೋಕೆ ಬಂಕ್ ಇರುತ್ತೆ. ಒಬ್ಬೊಬ್ಬರು ದಿನಕ್ಕೆ ಎಷ್ಟು ಮೀನು ಇಟ್ಟುಕೊಳ್ಳಬಹುದು ಅನ್ನೋದಕ್ಕೂ ಲೆಕ್ಕ ಇದೆ, ನ್ಯೂಜೆರ್ಸಿ ಕಡೆ ಯೆಲ್ಲೋಫಿನ್ ಆದರೆ ತಲೆಗೆ ಮೂರು. ರಾತ್ರಿ ಬೋಟಿನ ದೀಪ ನೀರಿಗೆ ಬಿಡ್ತಾರೆ. ಬೆಳಕಿಗೆ ಸಣ್ಣ ಮೀನು, ಕಪ್ಪೆಬೊಂಡಾಸ ಬರುತ್ತೆ, ಅದನ್ನ ತಿನ್ನೋಕೆ ದೊಡ್ಡದು ಬರುತ್ತೆ. ಮೀನಿನ ತುಂಡುಗಳನ್ನ ಒಂದೊಂದಾಗಿ ನೀರಿಗೆ ಹಾಕ್ತಾ, ಆ ಸಾಲಿನಲ್ಲೇ ಒಂದು ತುಂಡನ್ನ ಗಾಳಕ್ಕೆ ಸಿಕ್ಕಿಸಿ ಬಿಡ್ತಾರೆ. ಹಿಡಿದ ತಕ್ಷಣ ಮೀನಿನ ರಕ್ತ ತೆಗೆದು ಐಸಿಗೆ ಹಾಕೋದು ಬೋಟಿನ ಹುಡುಗರ ಕೆಲಸ.

ಆದ್ರೆ ಮುಖ್ಯ ಪ್ರಶ್ನೆ: ರಾತ್ರಿ ಯಾಕೆ? ನ್ಯೂಜೆರ್ಸಿ ದಡದಿಂದ ಸಮುದ್ರದ ನೆಲ ಸುಮಾರು 150 ಕಿ.ಮೀ. ತನಕ ಮೆಲ್ಲಗೆ ಇಳಿಯುತ್ತಾ ಹೋಗಿ, ಅಲ್ಲಿ ದೊಡ್ಡ ಕಣಿವೆಗಳಾಗಿ ಧುಮುಕುತ್ತೆ. ಹಡ್ಸನ್ ಕ್ಯಾನಿಯನ್ ಅದರಲ್ಲಿ ಹೆಸರುವಾಸಿ. ಆಳದಿಂದ ತಣ್ಣೀರು ಮೇಲೆ ಬರುವ ಆ ಅಂಚಲ್ಲೇ ಟ್ಯೂನಾ ಸೇರೋದು. ಇಂಥ ಬೋಟಿಗೆ ಅಲ್ಲಿಗೆ ಹೋಗೋಕೆ ಗಂಟೆಗಟ್ಟಲೆ ಬೇಕು. ಹಗಲಲ್ಲಿ ಹೋಗಿ ಬಂದರೆ ಹಿಡಿಯೋಕೆ ಟೈಮೇ ಉಳಿಯಲ್ಲ, ಅದಕ್ಕೇ ರಾತ್ರಿಯಿಡೀ ಅಲ್ಲೇ ಇರೋದು. ಅಂದ್ರೆ ಅದು ಮೋಜಿಗೆ ಇಟ್ಟುಕೊಂಡ ಹೊತ್ತಲ್ಲ. ದೂರ ಮತ್ತು ಆಳದ ಲೆಕ್ಕದಿಂದ ಬಂದ ಹೊತ್ತು.

ನಮ್ಮ ಸಮುದ್ರದ ಲೆಕ್ಕ

ಈಗ ಅದೇ ಲೆಕ್ಕ ಮುಂಬೈಗೆ ಹಾಕೋಣ. ದಡದಿಂದ ಮೆಲ್ಲಗೆ ಇಳಿಯುವ ಆ ನೆಲಕ್ಕೆ ಭೂಖಂಡದ ಅಂಚು ಅಂತಾರೆ. ನೀರು ಸುಮಾರು 200 ಮೀಟರ್ ಆಳ ಆಗುವವರೆಗೆ ಅದು ಹರಡಿರುತ್ತೆ, ಅಲ್ಲಿಂದ ಮುಂದೆ ಕಡಿದಾಗಿ ಇಳಿಯುತ್ತೆ. ಭಾರತದ ಪಶ್ಚಿಮ ಕರಾವಳಿಯಲ್ಲಿ ಈ ಅಂಚು ಮುಂಬೈ-ಗುಜರಾತ್ ಎದುರಿಗೇ ಬಹಳ ಅಗಲ. ಮುಂಬೈ ಎದುರಿಗೆ ಸುಮಾರು 300 ಕಿ.ಮೀ. ದಕ್ಷಿಣಕ್ಕೆ ಹೋದಂತೆ ಕಿರಿದಾಗ್ತಾ, ಕರ್ನಾಟಕದ ಎದುರಿಗೆ 100 ಕಿ.ಮೀ. ಆಸುಪಾಸಿಗೆ ಬರುತ್ತೆ, ಕೇರಳದಲ್ಲಿ ಇನ್ನೂ ಕಮ್ಮಿ.

300 ಕಿ.ಮೀ. ಅಂದ್ರೆ ಎಷ್ಟು? ಊರಿಗೆ ಹೋಗೋಕೆ ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ಕುರ್ಡುವಾಡಿ ಹತ್ತಿರ ಹೋದಷ್ಟು. ಆದ್ರೆ ಮೀನಿನ ಬೋಟು ಎಕ್ಸ್‌ಪ್ರೆಸ್ ಅಲ್ಲ. ಗಂಟೆಗೆ ಏಳೆಂಟು ನಾಟ್ ಓಡಿದರೆ ಹೆಚ್ಚು. ಒಂದು ನಾಟಿಕಲ್ ಮೈಲು 1.852 ಕಿ.ಮೀ., ಹಾಗಾಗಿ ಗಂಟೆಗೆ 13-15 ಕಿ.ಮೀ. ಹೋಗೋಕೇ ಇಪ್ಪತ್ತು ಗಂಟೆಗೂ ಹೆಚ್ಚು. ರಾತ್ರಿ ಎಂಟಕ್ಕೆ ಹೊರಟವರು ಮರುದಿನ ಸಂಜೆಗೆ ಆ ಅಂಚು ಮುಟ್ಟಬಹುದು. "ರಾತ್ರಿ ಹೋಗಿ ಬೆಳಗ್ಗೆ ವಾಪಸ್, ದೊಡ್ಡ ಟ್ಯೂನಾ ಗ್ಯಾರಂಟಿ" ಅನ್ನೋದು ಈ ಒಂದು ಗುಣಾಕಾರದಲ್ಲೇ ಬಿದ್ದುಹೋಗುತ್ತೆ.

ನಂಬಿಕೆ ಬರದಿದ್ದರೆ ಬಾಂಬೆ ಹೈ ನೋಡಿ. 1974ರಲ್ಲಿ ಎಣ್ಣೆ ಸಿಕ್ಕ ಜಾಗ, ಮುಂಬೈಯಿಂದ ಸುಮಾರು 160 ಕಿ.ಮೀ. ದೂರ, ಠಾಣೆಯಿಂದ ನಾಸಿಕ್ ದಾಟಿ ಸ್ವಲ್ಪ ಮುಂದೆ ಹೋದಷ್ಟು. ಅಲ್ಲಿ ನೀರಿನ ಆಳ ಎಷ್ಟು? ಸುಮಾರು 75 ಮೀಟರ್. ಘೋಡ್‌ಬಂದರ್ ರಸ್ತೆಯ 25 ಮಹಡಿ ಕಟ್ಟಡವನ್ನ ಅಲ್ಲಿ ನಿಲ್ಲಿಸಿದರೆ ಟೆರೇಸಿನ ನೀರಿನ ಟ್ಯಾಂಕು ಸಮುದ್ರದ ಮೇಲೆ ಕಾಣಬಹುದು. ಅಷ್ಟು ದೂರ ಹೋದರೂ ಅಷ್ಟೇ ಆಳ.

"ಅಮೆರಿಕದ ಲೂಸಿಯಾನಾದಲ್ಲಿ ಎಣ್ಣೆ ರಿಗ್‌ಗಳ ಹತ್ತಿರಾನೇ ಟ್ಯೂನಾ ಹಿಡೀತಾರಲ್ಲ, ನಾವು ಬಾಂಬೆ ಹೈಗೆ ಹೋಗಬಹುದಲ್ವಾ" ಅಂತ ಗ್ರೂಪಲ್ಲಿ ಒಬ್ಬರು ಕೇಳಿದ್ದರು. ಒಳ್ಳೇ ಪ್ರಶ್ನೆ. ಸಮುದ್ರದ ನಡುವೆ ಏನೇ ನಿಂತಿದ್ದರೂ ಅದರ ನೆರಳಿಗೆ ಸಣ್ಣ ಮೀನು, ಅದರ ಹಿಂದೆ ದೊಡ್ಡ ಮೀನು ಬರೋದು ನಿಜ. ಆದ್ರೆ ನಮ್ಮ ಎಣ್ಣೆ ವೇದಿಕೆಗಳ ಸುತ್ತ 500 ಮೀಟರ್ ಸುರಕ್ಷಾ ವಲಯ ಇದೆ, ಅದರೊಳಗೆ ಮೀನಿನ ಬೋಟು ಹೋಗುವ ಹಾಗಿಲ್ಲ. ಆ ವಿಷಯಕ್ಕೆ ಕೈ ಹಾಕಬೇಡಿ.

ಹಾಗಾದ್ರೆ ನಮ್ಮ ಎದುರಿನ ಸಮುದ್ರ ಬಡವ ಅಂತಲ್ಲ. ಉಲ್ಹಾಸ ನದಿ, ವಸಾಯಿ ಮತ್ತು ಠಾಣೆಯ ಖಾಡಿಗಳು ತಂದು ಸುರಿಯುವ ಕೆಸರು, ಆಳ ಇಲ್ಲದ ನೀರು, ಜೋರಾದ ಉಬ್ಬರ-ಇಳಿತ, ಇವು ಬೊಂಬಿಲ್, ಸೀಗಡಿ, ಮಾಂಜಿಗೆ ಹೇಳಿ ಮಾಡಿಸಿದ ಜಾಗ. ಕೋಳಿ ಮೀನುಗಾರರು ತಲೆಮಾರುಗಳಿಂದ ಆ ಉಬ್ಬರದ ಲೆಕ್ಕದಲ್ಲೇ ಬಲೆ ಕಟ್ಟಿ ಬದುಕಿದ್ದಾರೆ. ಯೆಲ್ಲೋಫಿನ್‌ಗೆ ಮಾತ್ರ ಅದು ಮನೆಯಲ್ಲ. ಕೆಸರು ನೀರು ದಾಟಿ ಸ್ವಲ್ಪ ತಿಳಿಯಾದ ಕಡೆ ಹೋದರೆ, ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಕೇದರ್, ಅಂಜಲ್ ಸಿಗುತ್ತೆ. ನಮಗೆ ಸಿಕ್ಕಿದ್ದೂ ಅದೇ.

ಆ ರಾತ್ರಿ

ದಸರಾ ಕಳೆದ ಮೇಲೆ, ಅಕ್ಟೋಬರ್ ಕೊನೆ. ಸಮುದ್ರ ಶಾಂತ. ಎಂಟು ಗಂಟೆಗೆ ಹೊರಟೆವು. ಮರದ ಬೋಟು, ವಾರದ ಉಳಿದ ದಿನ ಬಲೆ ಹಾಕುವುದೇ. ತಾಂಡೇಲನಿಗೆ ಮೂವತ್ತು ದಾಟಿರಲಿಕ್ಕಿಲ್ಲ, ಜೊತೆಗೆ ಇಬ್ಬರು ಕಲಾಸಿಗಳು. ಬಲೆಯ ರಾಶಿ ಕೆಳಗೆ ನಾಲ್ಕು ಲೈಫ್ ಜಾಕೆಟ್ ಇದ್ದವು. ಹನ್ನೆರಡು ಜನಕ್ಕೆ ನಾಲ್ಕು. ನಾನು ಎಣಿಸಿದೆ. ಎಣಿಸಿ ಸುಮ್ಮನಾದೆ. ಎಲ್ಲರೂ ಖುಷಿಯಲ್ಲಿದ್ದಾಗ ಒಬ್ಬನೇ ಮುಖ ಸಿಂಡರಿಸೋದು ಹೇಗೆ ಅನ್ನೋ ಸಂಕೋಚ. ಒಂದು ಥರ್ಮಕೋಲ್ ಡಬ್ಬದಲ್ಲಿ ಐಸ್ ಇತ್ತು, ಅದರಲ್ಲಿ ಅರ್ಧ ಜಾಗ ನಮ್ಮ ನೀರು, ಜ್ಯೂಸಿನ ಬಾಟಲಿಗಳದ್ದು.

ರಾತ್ರಿಯಿಡೀ ಏನೂ ಇಲ್ಲ. ಮೂವರು ವಾಂತಿ ಮಾಡಿ ಮಲಗಿದರು. ಬೆಳಗಿನ ಜಾವ ಆರು ಗಂಟೆ ಹೊತ್ತಿಗೆ ಬಿಳಿ ಹಕ್ಕಿಗಳು ಒಂದೇ ಕಡೆ ಬೀಳ್ತಿರೋದು ಕಾಣ್ತು. ತಾಂಡೇಲ ಬೋಟನ್ನ ಆ ಕಡೆ ತಿರುಗಿಸಿದ. ನೀರು ಅಕ್ಕಿ ಕುದಿಯೋ ಹಾಗೆ ಕುದೀತಿತ್ತು, ಸಣ್ಣ ಮೀನು ಮೇಲೆ ಹಾರ್ತಿದ್ದವು, ಕೆಳಗಿಂದ ಕೇದರ್ ಹಿಂಡು. ಬೋಟು ನಿಧಾನ ಓಡಿಸ್ತಾ ಹಿಂದೆ ಗಾಳ ಎಳೆದರೆ ಸಾಕು, ಕಚ್ಚುತ್ತಿದ್ದವು. ಅರ್ಧ ಗಂಟೆಯಲ್ಲಿ ಹದಿನಾಲ್ಕು. ಒಂದೊಂದು ಒಂದೂವರೆ, ಎರಡು ಕಿಲೋ. ದಾರ ಕೈಯಲ್ಲಿ ಜಗ್ಗಿದಾಗ ಆಗುವ ಖುಷಿ ಇದೆಯಲ್ಲ, ಅದು ಸುಳ್ಳಲ್ಲ. ಹತ್ತು ವರ್ಷದಿಂದ ಕೀಬೋರ್ಡ್ ಬಿಟ್ಟು ಬೇರೇನೂ ಮುಟ್ಟದ ಕೈಗಳು ನಮ್ಮವು.

ಏಳು ಗಂಟೆಗೆ ಇಂಜಿನ್ ನಿಂತಿತು.

ತಾಂಡೇಲ ಇಂಜಿನ್ ಕೋಣೆಗೆ ಇಳಿದ, ಹತ್ತಿದ, ಮತ್ತೆ ಇಳಿದ. ಮೊಬೈಲಿಗೆ ಸಿಗ್ನಲ್ ಇಲ್ಲ. ವೈರ್‌ಲೆಸ್‌ನಲ್ಲಿ ಕೂಗಿ ಕೂಗಿ ಕೊನೆಗೆ ಇನ್ನೊಂದು ಬೋಟಿನವರು ಸಿಕ್ಕರು, ಬರೋಕೆ ಮೂರು ಗಂಟೆ ಆಗುತ್ತೆ ಅಂದರು. ಅಷ್ಟು ಹೊತ್ತು ನೀರು ಎಳೆದ ಕಡೆ ನಾವು. ದೂರದಲ್ಲಿ ಒಂದು ಕಂಟೇನರ್ ಹಡಗು ಕಾಣಿಸ್ತು, ಮೊದಲು ಪೆಟ್ಟಿಗೆಯಷ್ಟು, ಹತ್ತು ನಿಮಿಷದಲ್ಲಿ ಕಟ್ಟಡದಷ್ಟು. ನಮ್ಮಿಂದ ಸಾಕಷ್ಟು ದೂರಾನೇ ಹೋಯ್ತು. ಆದ್ರೆ ಅದು ನಮ್ಮ ಕಡೆಗೇ ಬಂದಿದ್ದರೆ ಪಕ್ಕಕ್ಕೆ ಸರಿಯೋಕೆ ನಮಗೆ ಇಂಜಿನ್ ಇರಲಿಲ್ಲ, ತಕ್ಷಣ ನಿಲ್ಲೋಕೆ ಅದಕ್ಕೂ ಆಗಲ್ಲ. ಅವತ್ತು ಯಾರೂ ಜೋಕ್ ಮಾಡಲಿಲ್ಲ. ನಾಲ್ಕು ಜಾಕೆಟ್‌ಗಳನ್ನ ಈಜು ಬರದ ನಾಲ್ವರಿಗೆ ಕೊಟ್ಟು ಕೂತೆವು. ಹಗ್ಗ ಕಟ್ಟಿ ಎಳೆದು ಜೆಟ್ಟಿ ಮುಟ್ಟಿಸುವಾಗ ಸಂಜೆ ನಾಲ್ಕು.

ಅಷ್ಟು ಹೊತ್ತು ಮೀನು ಎಲ್ಲಿತ್ತು? ಐದಾರು ಡಬ್ಬದಲ್ಲಿ, ಕರಗಿದ ಐಸಿನ ನೀರಲ್ಲಿ. ಉಳಿದದ್ದು ಗೋಣಿಚೀಲದಲ್ಲಿ, ಬಿಸಿಲಿಗೆ.

ಮಗಳಿಗೆ ಆಗಿದ್ದೇನು?

ಮೀನು ನೋಡೋಕೆ ಚೆನ್ನಾಗೇ ಇತ್ತು. ವಾಸನೆ ಇರಲಿಲ್ಲ. ನಮ್ಮ ಮನೆಯವಳು ಧಾರವಾಡದವಳು, ಮೀನು ಮುಟ್ಟಲ್ಲ. "ನಿಮ್ಮ ಮೀನಾ ನೀವಽ ಮಾಡ್ಕೊಂಡು ತಿನ್ರಿ" ಅಂದಳು. ನಾನೇ ಕೊಯ್ದು ಸಾರು ಮಾಡಿದೆ, ನಾಲ್ಕು ತುಂಡು ಹುರಿದೆ. ಅಪ್ಪ ಹಿಡಿದು ತಂದ ಮೀನು ಅಂತ ಮಗಳು ಎರಡು ತುಂಡು ತಿಂದಳು.

ಅರ್ಧ ಗಂಟೆ ಆಗಿರಲಿಲ್ಲ. "ಅಪ್ಪಾ, ಬಾಯಿ ಉರೀತಿದೆ" ಅಂದಳು. ಖಾರ ಇರಬೇಕು ಅಂದ್ಕೊಂಡೆ. ನೋಡನೋಡ್ತಾ ಮುಖ, ಕುತ್ತಿಗೆ ಕೆಂಪಾಯ್ತು, ತಲೆನೋವು, ಎದೆ ಢವಢವ. ನನಗೂ ಕಿವಿ ಬಿಸಿ ಆಗ್ತಿತ್ತು. ಡಾಕ್ಟರ್ ಮೊದಲು ಕೇಳಿದ್ದೇ "ಏನು ತಿಂದ್ರಿ", ಆಮೇಲೆ "ಯಾವ ಮೀನು", ಆಮೇಲೆ "ಐಸಲ್ಲಿ ಇತ್ತಾ". ಇಂಜೆಕ್ಷನ್ ಕೊಟ್ಟು ಎರಡು ಗಂಟೆ ಅಲ್ಲೇ ಕೂರಿಸಿದರು. ಬೆಳಗ್ಗೆ ಹೊತ್ತಿಗೆ ಇಳೀತು. ಗ್ರೂಪಲ್ಲಿ ಕೇಳಿದಾಗ ಇನ್ನೂ ಮೂರು ಮನೆಯಲ್ಲಿ ಇದೇ ಕತೆ.

ಇದು ಮೀನಿನ ಅಲರ್ಜಿ ಅಲ್ಲ, ಅದರ ಹಾಗೆ ಕಾಣುವ ವಿಷ. ಟ್ಯೂನಾ, ಬಂಗುಡೆ, ಅಂಜಲ್ ಬಳಗದ ಮಾಂಸದಲ್ಲಿ ಹಿಸ್ಟಿಡಿನ್ ಅನ್ನೋ ಅಂಶ ಸಹಜವಾಗೇ ಹೆಚ್ಚು. ಮೀನು ಸತ್ತ ಮೇಲೆ ಬಿಸಿಯಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನ ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ಅಲರ್ಜಿ ಆದಾಗ ನಮ್ಮ ದೇಹವೇ ಬಿಡುಗಡೆ ಮಾಡುತ್ತಲ್ಲ, ಅದೇ ಹಿಸ್ಟಮಿನ್. ಇಲ್ಲಿ ಅದನ್ನ ನಾವೇ ಬಾಯಿಂದ ತಿಂದಿರ್ತೀವಿ. ಮೊದಲು ಹೇಳಿದ್ದೆ, ಟ್ಯೂನಾ ಮೈ ಬಿಸಿ ಅಂತ. ಆ ಬಿಸಿಯನ್ನ ತೆಗೀದೇ ಇದ್ದರೆ ಕೆಡುವ ಕೆಲಸ ಬೋಟಲ್ಲೇ ಶುರುವಾಗುತ್ತೆ.

ಕೆಟ್ಟ ಸುದ್ದಿ ಏನಂದ್ರೆ, ಒಂದ್ಸಲ ಹಿಸ್ಟಮಿನ್ ಆದ ಮೇಲೆ ಬೇಯಿಸಿದರೂ ಹೋಗಲ್ಲ, ಹುರಿದರೂ ಹೋಗಲ್ಲ, ಫ್ರಿಜ್ಜಲ್ಲಿಟ್ಟರೂ ಹೋಗಲ್ಲ. ಮೂಸಿ ನೋಡಿ ಕಂಡುಹಿಡಿಯೋಕೂ ಆಗದೇ ಇರಬಹುದು. ತಡೆಯೋಕೆ ಇರೋ ದಾರಿ ಒಂದೇ: ಹಿಡಿದ ತಕ್ಷಣ ರಕ್ತ ತೆಗೆದು, ಐಸ್ ಮತ್ತು ಸಮುದ್ರದ ನೀರು ಸೇರಿಸಿದ ಗಂಜಿಯಂಥ ಮಿಶ್ರಣದಲ್ಲಿ ಮುಳುಗಿಸಬೇಕು, ಮನೆ ಮುಟ್ಟುವವರೆಗೂ ಐಸಲ್ಲೇ ಇರಬೇಕು. ನಮ್ಮ ಹವೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಅಂತ ಲೆಕ್ಕ ಇಟ್ಟುಕೊಳ್ಳಿ. ಮೀನು ತಿಂದ ಮೇಲೆ ಯಾರಿಗಾದರೂ ಹೀಗಾದರೆ ಡಾಕ್ಟರ ಹತ್ತಿರ ಹೋಗಿ. ಉಸಿರಾಟಕ್ಕೆ ಕಷ್ಟ ಆದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ.

ಮರುದಿನ ದೊಡ್ಡಪ್ಪಯ್ಯನಿಗೆ ಫೋನ್ ಮಾಡಿದೆ. ಇಂಜಿನ್ ನಿಂತ ಕತೆ ಹೇಳೋಕೆ ಹೊರಟರೆ ಅವರು ನಡುವೆಯೇ ತಡೆದರು.

"ಐಸ್ ಎಷ್ಟ್ ತಕಂಡ್ ಹೋಯ್ದ್ರಿ?"

"ಒಂದು ಡಬ್ಬ ಇತ್ತು ದೊಡ್ಡಪ್ಪಯ್ಯ."

"ಒಂದ್ ಡಬ್ಬವಾ? ಹನ್ನೆರ್ಡ್ ಜನಕ್ಕಾ? ನಾವ್ ಬಲಿ ಹತ್ಸುಕ್ ಮುಂಚೆ ಐಸ್ ಹತ್ಸುದ್ ಮರಾಯ. ನೀನ್ ಕಂಡದ್ದಿಲ್ಯಾ ಸಣ್ಣಕಿಪ್ಪತಿಗೆ?"

ಕಂಡಿದ್ದೆ. ಬಂದರಿನಲ್ಲಿ ಐಸ್ ಪುಡಿ ಮಾಡುವ ಯಂತ್ರದ ಸದ್ದು, ಕೊಳವೆಯಿಂದ ಬೋಟಿನ ಹೊಟ್ಟೆಗೆ ಐಸ್ ಸುರಿಯೋದು, ಇದನ್ನೆಲ್ಲ ನೋಡ್ತಾನೇ ಬೆಳೆದವನು. ಐರೋಲಿಯ ಏಸಿಯಲ್ಲಿ ಕೂತು ಕೂತು ಮರೆತಿದ್ದೆ.

ಮೀನಿನ ಬೋಟು ಪ್ರವಾಸಿ ಬೋಟಲ್ಲ

ಇನ್ನು ಕಾನೂನಿನ ಮಾತು. ಮೀನು ಹಿಡಿಯೋಕೆ ಅಂತ ನೋಂದಣಿ ಆದ ಬೋಟು ದುಡ್ಡು ತಗೊಂಡು ಪ್ರಯಾಣಿಕರನ್ನ ಕರ್ಕೊಂಡು ಹೋಗೋ ಬೋಟಲ್ಲ. ಪ್ರಯಾಣಿಕರ ಬೋಟಿಗೆ ಬೇರೆ ತಪಾಸಣೆ, ಬೇರೆ ಪರವಾನಗಿ, ಎಷ್ಟು ಜನ ಅನ್ನೋ ಮಿತಿ ಇದೆ. ಮಹಾರಾಷ್ಟ್ರದಲ್ಲಿ ಅದನ್ನ ಮಹಾರಾಷ್ಟ್ರ ಮೆರಿಟೈಮ್ ಬೋರ್ಡ್ ನೋಡಿಕೊಳ್ಳುತ್ತೆ. ನಮ್ಮ ಬೋಟಿಗೆ ಅದ್ಯಾವುದೂ ಇರಲಿಲ್ಲ. ಏನಾದರೂ ಆಗಿದ್ದರೆ ವಿಮೆಯ ಅರ್ಜಿಯಲ್ಲಿ ನಾವು ಆ ಬೋಟಲ್ಲಿ ಯಾಕಿದ್ದೆವು ಅಂತ ಬರೆಯೋಕೂ ಕಾರಣ ಇರ್ತಿರಲಿಲ್ಲ.

ಈ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ. 2008ರ ನವೆಂಬರ್ 26ರಂದು ಮುಂಬೈ ಮೇಲೆ ದಾಳಿ ಮಾಡಿದವರು ಬಂದಿದ್ದು ಸಮುದ್ರದಿಂದ, 'ಕುಬೇರ್' ಅನ್ನೋ ಮೀನಿನ ಬೋಟನ್ನ ಅಪಹರಿಸಿ, ಅದರಲ್ಲಿದ್ದ ಮೀನುಗಾರರನ್ನ ಕೊಂದು. ಅದಾದ ಮೇಲೆ ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್ ಬಂತು, ಬೋಟುಗಳಿಗೆ ಬಣ್ಣದ ಗುರುತು ಬಂತು, ಸಮುದ್ರದ ನಡುವೆ ನಿಲ್ಲಿಸಿ ಕೇಳುವುದು ಶುರುವಾಯ್ತು. ನಡುರಾತ್ರಿ ಮೀನಿನ ಬೋಟಲ್ಲಿ ಮೀನುಗಾರರಲ್ಲದ ಒಂಬತ್ತು ಜನ ಸಿಕ್ಕರೆ ಪ್ರಶ್ನೆ ಬರದೇ ಇರುತ್ತಾ? ನಮಗೆ ಒಂದು ದಿನದ ತಲೆನೋವು, ಆದ್ರೆ ಆ ತಾಂಡೇಲನ ಪರವಾನಗಿ, ಅವನ ಹೊಟ್ಟೆಪಾಡು ಹೋಗಬಹುದು.

ಕಸುಬಿನವರಿಗೇ ಸಮುದ್ರ ಎಷ್ಟು ಕಷ್ಟ ಅಂತ ಮಲ್ಪೆಯವರನ್ನ ಕೇಳಿ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟಿನಲ್ಲಿ ಏಳು ಜನ ಇದ್ದರು, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಯವರು. ಎರಡು ದಿನದ ನಂತರ ಸಂಪರ್ಕ ತಪ್ಪಿತು. ಮನೆಯವರು ತಿಂಗಳುಗಟ್ಟಲೆ ಕಾದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಇದೇ ಮಹಾರಾಷ್ಟ್ರದ ಮಾಲ್ವಣದ ಎದುರಿನ ಸಮುದ್ರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ, ಬೋಟಿನ ಅವಶೇಷ ಪತ್ತೆ ಮಾಡಿತು. ಆ ಏಳು ಜನ ವಾಪಸ್ ಬರಲಿಲ್ಲ. ಅವರು ಸಮುದ್ರ ಗೊತ್ತಿದ್ದವರು. ನಾವು ವೀಕೆಂಡಿಗೆ ಹೋದವರು.

ಮುಂಬೈಯಲ್ಲಿ ಕನ್ನಡದ ಕತೆ ಅಂದ್ರೆ ಎಲ್ಲರೂ ಹೋಟೆಲ್ ಅಂತಾರೆ. ಆದ್ರೆ ಇಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ನಮ್ಮ ಲ್ಯಾಪ್‌ಟಾಪ್ ಬ್ಯಾಗಿಗಿಂತ ಬಹಳ ಮೊದಲೇ ಈ ಊರಿಗೆ ನಮ್ಮ ಕರಾವಳಿಯವರ ಬಲೆ ಬಂದಿತ್ತು. ಅವರು ರಾತ್ರಿ ಸಮುದ್ರಕ್ಕೆ ಹೋಗ್ತಿದ್ದದ್ದು ಫೋಟೋಗಲ್ಲ.

ಹಾಗಾದ್ರೆ ಎಲ್ಲಿ ಹೋಗೋದು?

ಆಸೆ ಇದ್ದರೆ ದಾರಿ ಇಲ್ಲ ಅಂತಲ್ಲ. ಆಳ ನೀರು ದಡದ ಹತ್ತಿರಾನೇ ಇರುವ ಕಡೆ ಹೋಗಬೇಕು. ಲಕ್ಷದ್ವೀಪ ಅಂಥ ಜಾಗ. ಆ ದ್ವೀಪಗಳು ಸಮುದ್ರದಲ್ಲಿ ಮುಳುಗಿದ ಬೆಟ್ಟಸಾಲಿನ ತುದಿಗಳು, ಹವಳದ ದಿಬ್ಬ ದಾಟಿದರೆ ಆಳವೇ ಆಳ. ಅಲ್ಲಿ, ಅದರಲ್ಲೂ ಮಿನಿಕಾಯ್‌ನಲ್ಲಿ, ಬಲೆ ಇಲ್ಲದೆ, ಜೀವಂತ ಸಣ್ಣ ಮೀನು ನೀರಿಗೆ ಎರಚಿ, ಕೋಲು-ಗಾಳದಿಂದ ಒಂದೊಂದೇ ಟ್ಯೂನಾ ಎತ್ತಿ ಬೋಟಿಗೆ ಹಾಕ್ತಾರೆ. ಹೆಚ್ಚಾಗಿ ಹಗಲಲ್ಲೇ ಹೋಗಿ ಬರ್ತಾರೆ. ರಾತ್ರಿ ಉಳಿಯೋ ಅಗತ್ಯವೇ ಇಲ್ಲ, ಮೀನು ಅಷ್ಟು ಹತ್ತಿರ. ಹೋಗೋಕೆ ಮುಂಚಿತವಾಗಿ ಪ್ರವೇಶ ಪರವಾನಗಿ ಮಾಡಿಸಬೇಕು. ಅಂಡಮಾನ್‌ನಲ್ಲಿ ಗಾಳದ ಆಟಕ್ಕೆ ಅಂತಲೇ ಇರುವ ಚಾರ್ಟರ್ ಬೋಟುಗಳಿವೆ.

ಅಷ್ಟು ಖರ್ಚು ಬೇಡ ಅನ್ನೋರಿಗೆ, ಒಂದು ಭಾನುವಾರ ಬೆಳಗಿನ ಮೊದಲ ಲೋಕಲ್ ಹಿಡಿದು ಸಿಎಸ್‌ಎಂಟಿಗೆ ಹೋಗಿ, ಅಲ್ಲಿಂದ ಕೊಲಾಬಾದ ಸಸೂನ್ ಡಾಕ್. 1875ರಿಂದ ನಡೀತಿರುವ ಜಾಗ. ಬೆಳಕು ಹರಿಯುವ ಮುಂಚೆ ಮೀನು ಇಳಿಸುವುದು, ಹರಾಜು ನೋಡಿ. ಕುಪಾ ಯಾವುದು ಅಂತ ಕೇಳಿ, ಕಿವಿರು ಎತ್ತಿ ತೋರಿಸ್ತಾರೆ. ಮಗಳನ್ನ ಕರ್ಕೊಂಡು ಹೋಗಿದ್ದೆ. ಅವಳು ಮೀನಿಗಿಂತ ಹೆಚ್ಚು ಐಸ್ ನೋಡಿದಳು.

ಇನ್ನೂ ಬೋಟು ಹತ್ತುತ್ತೀವಿ ಅನ್ನೋರು ದುಡ್ಡು ಕಳಿಸೋ ಮುಂಚೆ ಇಷ್ಟು ಕೇಳಿ:

1. ಪ್ರಯಾಣಿಕರನ್ನ ಕರೆದೊಯ್ಯುವ ಪರವಾನಗಿ ಇದೆಯಾ, ಎಷ್ಟು ಜನಕ್ಕೆ? ಕಾಗದದ ಫೋಟೋ ಕಳಿಸಿ.
2. ತಲೆಗೊಂದು ಲೈಫ್ ಜಾಕೆಟ್ ಇದೆಯಾ? ಮಕ್ಕಳ ಅಳತೆಯದ್ದು? 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಗೆ ಹೊರಟ ಬೋಟಿನ ಅವಘಡ ಆಗಿದ್ದು ಹಾಡುಹಗಲಲ್ಲಿ, ಬಂದರಿನ ಎದುರಲ್ಲೇ. ಹತ್ತಿದ ಕೂಡಲೇ ಜಾಕೆಟ್ ಹಾಕಿ.
3. ವಿಎಚ್‌ಎಫ್ ರೇಡಿಯೋ ಕೆಲಸ ಮಾಡುತ್ತಾ? 16ನೇ ಚಾನೆಲ್ ತುರ್ತು ಕರೆಗೆ. ಉಪಗ್ರಹದ ಮೂಲಕ ಸಂಕಟದ ಸಂದೇಶ ಕಳಿಸುವ ಸಾಧನ ಇದೆಯಾ?
4. ಯಾವ ತಿಂಗಳು? ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ "ಸ್ಪೆಷಲ್ ಟ್ರಿಪ್" ಅಂದರೆ ಫೋನ್ ಇಡಿ.
5. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆ, ಗಾಳಿಯ ಮುನ್ಸೂಚನೆ ನೋಡಿದ್ದೀರಾ? ಉಪಗ್ರಹದಿಂದ ಸಮುದ್ರದ ಉಷ್ಣತೆ, ಹಸಿರು ಅಂಶ ಅಳೆದು ಮೀನು ಎಲ್ಲಿ ಸಿಗಬಹುದು ಅಂತ ಹೇಳೋದೂ ಅವರೇ, ಟ್ಯೂನಾಗೆ ಬೇರೆಯಾಗೇ ಹೇಳ್ತಾರೆ. ಡೇಟಾ ಇಷ್ಟ ಇರುವ ನಮ್ಮಂಥವರು ಮನೆಯಲ್ಲೇ ಕೂತು ನೋಡಬಹುದು.
6. ಐಸ್ ಎಷ್ಟು ಕಿಲೋ?

ದಡದಲ್ಲಿ ಒಬ್ಬರಿಗೆ ಬೋಟಿನ ಹೆಸರು, ನಂಬರ್, ವಾಪಸ್ ಬರೋ ಹೊತ್ತು ಬರೆದು ಕೊಟ್ಟು ಹೋಗಿ. ಹೇಳಿದ ಹೊತ್ತಿಗೆ ಬರದಿದ್ದರೆ ಅವರು ಕರಾವಳಿ ಕಾವಲು ಪಡೆಯ 1554 ನಂಬರಿಗೆ ಕರೆ ಮಾಡಬೇಕು. ನಾವು ಇದನ್ನೂ ಮಾಡಿರಲಿಲ್ಲ. ಸಂಜೆ ನಾಲ್ಕರವರೆಗೆ ಮನೆಯವಳು ಯಾರಿಗೆ ಫೋನ್ ಮಾಡೋದು ಅಂತ ಗೊತ್ತಿಲ್ಲದೆ, ಮಗಳಿಗೆ ಏನೂ ತೋರಿಸಿಕೊಳ್ಳದೆ ಕೂತಿದ್ದಳು. ನಾನು ಬಂದಾಗ ಬೈಯಲಿಲ್ಲ. "ಊಟಾ ಮಾಡ್ರೀಗ" ಅಂದಳು ಅಷ್ಟೇ.

ಹೋದ ತಿಂಗಳು ಅದೇ ಥರದ ಮೆಸೇಜು ಗ್ರೂಪಿಗೆ ಮತ್ತೆ ಬಂತು, ಬೇರೆ ನಂಬರಿಂದ. ಮೇಲಿನ ಆರು ಪ್ರಶ್ನೆ ಕಳಿಸಿದೆ. ನಾಲ್ಕನೆಯದಕ್ಕೆ ಮಾತ್ರ ಉತ್ತರ ಬಂತು. ಯಾರೂ ಹೋಗಲಿಲ್ಲ.

ನಿಮ್ಮಲ್ಲಿ ಯಾರಾದರೂ ಪರವಾನಗಿ ಇರುವ ಬೋಟಲ್ಲಿ ಹೋಗಿ ಚೆನ್ನಾಗಿ ಬಂದಿದ್ದರೆ ಕೆಳಗೆ ಬರೆಯಿರಿ, ಬೇರೆಯವರಿಗೆ ಉಪಯೋಗ ಆಗುತ್ತೆ. ಮೀನುಗಾರರ ಮನೆಯವರು ಓದ್ತಿದ್ದರೆ, ನಾನು ತಪ್ಪು ಹೇಳಿದ್ದನ್ನ ತಿದ್ದಿ.